ಉತ್ತರ ಗೊತ್ತಿದ್ದೂ ಬಾಯಿ ಬಿಡದ ಮಕ್ಕಳು

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಮಾಡಿದ ಭಾಷಣ)



ನಾನು ಹಲ್ಲಿನ ಡಾಕ್ಟರು. ಕೆಲವು ವರ್ಷಗಳಿಂದ ಡೆಂಟಲ್ ಕಾಲೇಜಿನಲ್ಲಿ ಪಾಠವನ್ನೂ ಮಾಡುತ್ತಿದ್ದೇನೆ. ಶಿಕ್ಷಣದ ಮಹತ್ವದ ಬಗ್ಗೆ ಮಾತನಾಡಿ ಎಂದು ಕರೆದಿದ್ದರು. ಅದು ನಿಮಗೆ ಗೊತ್ತಿಲ್ಲದಿದ್ದರೆ ಈ ಬಿಸಿಲಿನಲ್ಲಿ ಇಲ್ಲಿಗೆ ಬರುತ್ತಿರಲಿಲ್ಲ. ಹಾಗಾಗಿ ನಮ್ಮ ಮನೆಯ ರೀತಿ ರಿವಾಜು ಕಾಲೇಜಿನಲ್ಲಿ ನಮ್ಮ ಮಕ್ಕಳಿಗೆ ಎಲ್ಲಿ ತೊಡಕಾಗುತ್ತದೆ, ಎಲ್ಲಿ ಬಲವಾಗುತ್ತದೆ ಎನ್ನುವುದನ್ನಷ್ಟೇ ಹೇಳುತ್ತೇನೆ.

ಮೊದಲ ವರ್ಷದ ಅನಾಟಮಿ ವೈವಾ. ಪರೀಕ್ಷಕರು ಕೆಳದವಡೆಯ ಮೂಳೆಯನ್ನು ನನ್ನ ಕೈಗಿಟ್ಟು, ಹಲ್ಲುಗಳಿಗೆ ಹೋಗುವ ನರ ಎಲ್ಲಿ ಒಳಹೋಗುತ್ತದೆ, ಎಲ್ಲಿ ಹೊರಬರುತ್ತದೆ ಎಂದು ಕೇಳಿದರು. ನನಗೆ ಗೊತ್ತಿತ್ತು. ಆದರೆ ಹಿರಿಯರ ಮುಖ ನೋಡಿ ಮಾತನಾಡಬಾರದೆಂದು ಬೆಳೆದವಳು ನಾನು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಮನೆಯಲ್ಲಿ ಬ್ಯಾರಿ ಭಾಷೆ. ಉತ್ತರ ಬ್ಯಾರಿಯಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಬರುವಷ್ಟರಲ್ಲಿ ಅವರು ಮುಂದಿನ ಪ್ರಶ್ನೆಗೆ ಹೋಗಿದ್ದರು. ನಾನು ಮೂಳೆಯನ್ನೇ ನೋಡುತ್ತಾ ನಿಂತೆ. ಓದಿಲ್ಲ ಎಂದುಕೊಂಡರು. ಫೇಲಾದೆ.

ಮನೆಯಲ್ಲಿ 'ಇವಳಿಗೆ ಆಗುವುದಿಲ್ಲ, ಗಂಡು ನೋಡಿ' ಎಂಬ ಮಾತು ಎದ್ದಿತು. 'ಇನ್ನೊಂದು ಸಲ ಬರೆಯಲಿ' ಎಂದವರು ನನ್ನ ಉಮ್ಮ. ಅವರು ನಾಲ್ಕನೇ ತರಗತಿ ಓದಿದವರು. ಹಾಸ್ಟೆಲಿನಲ್ಲಿ ಒಬ್ಬ ಸೀನಿಯರ್ ಅಕ್ಕ ದಿನಾ ಅಸರ್ ನಂತರ ಎದುರು ಕೂರಿಸಿಕೊಂಡು, ಗಟ್ಟಿಯಾಗಿ ಉತ್ತರ ಹೇಳಿಸುತ್ತಿದ್ದರು. ಹೊಸದಾಗಿ ಏನನ್ನೂ ಕಲಿಸಲಿಲ್ಲ, ಬಾಯಿ ಬಿಡಿಸಿದರು ಅಷ್ಟೇ. ಪಾಸಾದೆ.

ಈಗ ಮೇಜಿನ ಆಚೆ ಕಡೆ ನಾನು ಕೂತಾಗ ಅದೇ ಹುಡುಗಿ, ಅದೇ ಹುಡುಗ ಪ್ರತಿ ಬ್ಯಾಚಿನಲ್ಲೂ ಕಾಣುತ್ತಾರೆ. ಮನೆಯಲ್ಲಿ ಅದಬು ಎನಿಸಿಕೊಳ್ಳುವ ಮೌನ ಅಂಕಪಟ್ಟಿಯಲ್ಲಿ ಅಜ್ಞಾನವಾಗುತ್ತದೆ. ಅದೇ ಮಕ್ಕಳು ಮೇಣದಲ್ಲಿ ಹಲ್ಲು ಕೆತ್ತುವಾಗ ಯಾರಿಗೂ ಕಡಿಮೆಯಿಲ್ಲ, ಅಲ್ಲಿ ಭಾಷೆ ಬೇಕಾಗಿಲ್ಲವಲ್ಲ! ನನ್ನ ಬಳಿ ಕಲಿತ ಒಬ್ಬ ಟೈಲರ್ ಮಗನ ಕೆತ್ತನೆಯನ್ನು ಉಳಿದವರಿಗೆ ಮಾದರಿಯಾಗಿ ತೋರಿಸುತ್ತಿದ್ದೆ.

ಮೂರನೇ ವರ್ಷ ರೋಗಿಗಳನ್ನು ನೋಡಲು ಶುರು ಮಾಡಿದಾಗ ಆಟ ತಿರುಗುತ್ತದೆ. ಒಮ್ಮೆ ಕೂಲಿಗೆಂದು ಕಲಬುರಗಿ ಕಡೆಯಿಂದ ಬಂದ ವಯಸ್ಸಾದ ಹೆಂಗಸು ಕುರ್ಚಿಯಲ್ಲಿದ್ದರು. ಚೆನ್ನಾಗಿ ಇಂಗ್ಲಿಷ್ ಬಲ್ಲ ವಿದ್ಯಾರ್ಥಿ 'ತಂಬಾಕು ಸೇವನೆ ಇದೆಯೇ?' ಎಂದು ಕೇಳಿದ. 'ಇಲ್ಲ' ಎಂದರು, ಅವನೂ ಇಲ್ಲ ಎಂದು ಬರೆದುಕೊಂಡ. ಪಕ್ಕದಲ್ಲಿದ್ದ ನಮ್ಮ ಹುಡುಗಿ 'ಖಾಲಾ' ಎಂದು ಕರೆದು, ಊಟವಾದ ಮೇಲೆ ಏನು ಹಾಕಿಕೊಳ್ಳುತ್ತೀರಿ ಎಂದು ದಖನಿಯಲ್ಲಿ ಕೇಳಿದಳು. ಆಕೆ ಸೊಂಟದ ಚೀಲ ಬಿಚ್ಚಿದರು: ಎಲೆ, ಸುಣ್ಣ, ಅಡಿಕೆ, ಕಡ್ಡಿಪುಡಿ. ಕಡ್ಡಿಪುಡಿ ತಂಬಾಕೇ, ಆದರೆ ಅವರ ಲೆಕ್ಕದಲ್ಲಿ ಅದು ತಂಬಾಕಲ್ಲ. ಕೆನ್ನೆಯ ಒಳಗೆ ಬಿಳಿ ಮಚ್ಚೆ ಇತ್ತು. ಅದೇ ದಿನ ಪರೀಕ್ಷೆಗೆ ಕಳುಹಿಸಿದೆವು. ಅಂದ ಹಾಗೆ, ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಈ ಸಭೆಯಲ್ಲೂ ಕೆಲವು ಜೇಬುಗಳಲ್ಲಿ ಪೊಟ್ಟಣ ಇರಬಹುದು.

ದಾನಿಗಳಲ್ಲಿ ಒಂದು ಮಾತು. ಬಿಡಿಎಸ್ ಎಂದರೆ ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ನೀವು ಕೊಡುವ ಹಣ ಫೀಸಿಗೆ ಹೋಗುತ್ತದೆ. ಕೆತ್ತುವ ಉಪಕರಣ, ಅಭ್ಯಾಸದ ದವಡೆ, ಹ್ಯಾಂಡ್‌ಪೀಸ್ ಇವೆಲ್ಲಕ್ಕೆ ಮಗು ಮತ್ತೆ ಸಾಲ ಮಾಡುತ್ತದೆ, ಇಲ್ಲವೇ ಗೆಳೆಯರದ್ದನ್ನು ಬೇಡುತ್ತದೆ. ಬೇಡಿ ತಂದ ಉಪಕರಣದಲ್ಲಿ ರಾತ್ರಿ ಅಭ್ಯಾಸ ಮಾಡಲಾಗುವುದಿಲ್ಲ. ಓದು ಮುಗಿಸಿದವರು ತಮ್ಮ ಸಾಮಾನನ್ನು ಟ್ರಸ್ಟಿಗೆ ಮರಳಿಸಿದರೆ ಸಾಕಷ್ಟು ಮಕ್ಕಳಿಗೆ ಆಗುತ್ತದೆ. ನನ್ನ ಹಳೆಯ ಪೆಟ್ಟಿಗೆಯನ್ನು ಇವತ್ತು ತಂದಿದ್ದೇನೆ.

ಹೆತ್ತವರೇ, ಕ್ಲಿನಿಕ್ ಇರುವ ದಿನಗಳಲ್ಲಿ ಮದುವೆ, ನಿಶ್ಚಿತಾರ್ಥ ಎಂದು ಮಕ್ಕಳನ್ನು ಕರೆಸಬೇಡಿ. ತಪ್ಪಿದ ರೋಗಿ ಮತ್ತೆ ಸಿಗುವುದಿಲ್ಲ. ಮೊದಲ ವರ್ಷ ಒಂದು ವಿಷಯದಲ್ಲಿ ಬಿದ್ದರೆ ಗಂಡು ಹುಡುಕಲು ಹೊರಡಬೇಡಿ.

ಈ ವರ್ಷ ಸೇರುವ ಮಕ್ಕಳು ಊಟವಾದ ಮೇಲೆ ಹಿಂದಿನ ಕೋಣೆಗೆ ಬನ್ನಿ. ಒಂದು ದವಡೆ ಮೂಳೆ ತಂದಿದ್ದೇನೆ. ಒಬ್ಬೊಬ್ಬರಾಗಿ ಕೈಗೆ ಕೊಟ್ಟು ಪ್ರಶ್ನೆ ಕೇಳುತ್ತೇನೆ. ತಪ್ಪಾದರೂ ಗಟ್ಟಿಯಾಗಿ ಹೇಳಬೇಕು.