ಕೆರಿಬಿಯನ್ ಕಡಲತಡಿಯಲ್ಲಿ ಸಂಸಾರದ ಬಿಡಾರ

ವೆಸ್ಟ್ ಇಂಡೀಸ್ ಎಂಬ ಹೆಸರು ರೇಡಿಯೋ ಇರುವ ಮನೆಗಳಿಗೆ ಹೊಸದಲ್ಲ. 1976ರಲ್ಲಿ ಪೋರ್ಟ್ ಆಫ್ ಸ್ಪೇನಿನಲ್ಲಿ ನಮ್ಮ ಜಿ. ಆರ್. ವಿಶ್ವನಾಥ್ ಶತಕ ಹೊಡೆದುದನ್ನು ನೆನೆದು ಇಂದಿಗೂ ಮುಖವರಳಿಸುವವರಿದ್ದಾರೆ. ಈಗ ಆ ದ್ವೀಪಗಳ ಹೆಸರು ಇನ್ನೊಂದು ಬಾಗಿಲಿನಿಂದಲೂ ನಮ್ಮ ಮನೆಗಳನ್ನು ಹೊಗುತ್ತಿದೆ. ಅಮೆರಿಕ, ಕೆನಡಗಳಲ್ಲಿ ನೆಲಸಿದ ಮಕ್ಕಳು ತಾಯಿತಂದೆಯರನ್ನು ಕರೆಸಿಕೊಂಡಾಗ, ಮೊಮ್ಮಕ್ಕಳೂ ಸೇರಿ ಎಲ್ಲರೂ ಒಂದು ವಾರದ ಮಟ್ಟಿಗೆ ಕೆರಿಬಿಯನ್ ಕಡಲತಡಿಗೆ ಹೋಗಿಬರುವುದುಂಟು. ಅಲ್ಲಿನ ರೆಸಾರ್ಟುಗಳ ಜಾಹೀರಾತುಗಳಲ್ಲಿ ಒಂದು ಮಾತು ಎದ್ದು ಕಾಣುತ್ತದೆ: ‘ಆಲ್ ಇನ್‌ಕ್ಲೂಸಿವ್’, ಎಂದರೆ ಎಲ್ಲವೂ ಸೇರಿದೆ. ಬಿಡಾರ, ಊಟ, ಪಾನೀಯ, ಆಟಪಾಟ ಎಲ್ಲಕ್ಕೂ ಮುಂಚಿತವಾಗಿ ಒಂದೇ ಹಣ. ಇಂಥ ಬಿಡಾರವನ್ನು ಆರಿಸುವುದು ಹೇಗೆ ಎಂಬುದೇ ಈ ಹೊತ್ತಿನ ವಿಚಾರ.

ಈ ಪದ್ಧತಿ ಬಹಳ ಹಳೆಯದೇನಲ್ಲ. 1950ರಲ್ಲಿ ಗೆರಾರ್ಡ್ ಬ್ಲಿಟ್ಜ್ ಎಂಬವರು ಸ್ಪೇನಿನ ಮಯೋರ್ಕಾ ದ್ವೀಪದ ಕಡಲತಡಿಯಲ್ಲಿ ಡೇರೆಗಳನ್ನು ಹಾಕಿ ಕ್ಲಬ್ ಮೆಡಿಟರೇನಿಯನ್ನಿಗೆ ನಾಂದಿ ಹಾಡಿದರು. ಜಮೈಕಾದಲ್ಲಿ ಗಾರ್ಡನ್ ಸ್ಟೂವರ್ಟ್ ಎಂಬವರು 1981ರಲ್ಲಿ ಮಾಂಟೆಗೋ ಬೇ ಪಟ್ಟಣದಲ್ಲಿ ‘ಸ್ಯಾಂಡಲ್ಸ್’ ತೆರೆದರು. ಅದು ದಂಪತಿಗಳಿಗೆ ಮೀಸಲು. ಸಂಸಾರಸ್ಥರಿಗಾಗಿ ಅದೇ ಬಳಗದವರು 1997ರಲ್ಲಿ ‘ಬೀಚಸ್’ ಎಂಬ ಬೇರೆ ಹೆಸರಿನ ವಿಹಾರಗೃಹಗಳನ್ನು ಆರಂಭಿಸಿದರು. ಆದುದರಿಂದ ಮೊದಲ ಎಚ್ಚರವಿದು: ಎಲ್ಲವೂ ಸೇರಿದೆ ಎಂದಮಾತ್ರಕ್ಕೆ ಮಕ್ಕಳೂ ಸೇರಿದ್ದಾರೆಂದು ಭಾವಿಸಬಾರದು. ದೊಡ್ಡವರಿಗೆ ಮಾತ್ರ ಪ್ರವೇಶವಿರುವ ತಾಣಗಳು ಅಲ್ಲಿ ಎಷ್ಟೋ ಇವೆ.

‘ಎಲ್ಲ’ ಎಂಬ ಪದಕ್ಕೆ ನಿಘಂಟಿನಲ್ಲಿ ಒಂದು ಅರ್ಥ, ಕರಾರಿನಲ್ಲಿ ಇನ್ನೊಂದು. ವಿಮಾನ ನಿಲ್ದಾಣದಿಂದ ಕರೆತರುವ ವಾಹನ ಅದರೊಳಗೆ ಸೇರಿದೆಯೆ? ಮಾಂಟೆಗೋ ಬೇಯಿಂದ ನೆಗ್ರಿಲ್ ತೀರಕ್ಕೆ ಸುಮಾರು 80 ಕಿಲೋಮೀಟರು. ವಿಮಾನದಲ್ಲಿ ಬಳಲಿದ ಕೂಸಿಗೆ ಅದು ಸಣ್ಣ ದಾರಿಯಲ್ಲ. ಯಂತ್ರದ ದೋಣಿ, ಮುಳುಗೀಜು, ಎಳೆಗೂಸನ್ನು ನೋಡಿಕೊಳ್ಳುವ ದಾದಿ, ಇವಕ್ಕೆ ಬೇರೆ ಹಣ ಕೇಳುವುದುಂಟು. ಹೇಳಿದ ದರ ಒಂದು ಕೋಣೆಗೋ, ಇಬ್ಬರಿರುವ ಕೋಣೆಯಲ್ಲಿ ತಲೆಗೋ ಎಂಬುದನ್ನೂ ನೋಡಬೇಕು. ಇನ್ನೊಂದು ಸಂಗತಿ: ಆ ದರದಲ್ಲಿ ಮದ್ಯದ ಬೆಲೆಯೂ ಅಡಗಿರುತ್ತದೆ. ಮದ್ಯ ಮುಟ್ಟದ ಮನೆಯವರು ಪಕ್ಕದ ಮೇಜಿನವನ ಬಟ್ಟಲಿಗೂ ತೆತ್ತಂತಾಯಿತು. ಅಂಥವರಿಗೆ ಅಡುಗೆಮನೆಯುಳ್ಳ ಬಾಡಿಗೆಯ ಮನೆ ಅಗ್ಗವಾದೀತೇ ಎಂದು ಲೆಕ್ಕ ಹಾಕಿ ನೋಡುವುದು ಜಾಣತನ.

ಹಣದ ಲೆಕ್ಕ ತಪ್ಪಿದರೆ ಹಣವಷ್ಟೇ ಹೋಗುತ್ತದೆ. ನೀರಿನ ಲೆಕ್ಕ ಹಾಗಲ್ಲ. ಆ ದ್ವೀಪಗಳ ಮೇಲೆ ವರ್ಷದ ಬಹುಕಾಲ ಪೂರ್ವದ ಕಡೆಯಿಂದ ವಾಣಿಜ್ಯ ಮಾರುತ ಬೀಸುತ್ತದೆ. ಆದಕಾರಣ ಗಾಳಿಗೆ ಮೈಯೊಡ್ಡಿದ ಪೂರ್ವತೀರದಲ್ಲಿ ಅಲೆಯ ಅಬ್ಬರ ಹೆಚ್ಚು. ಪಶ್ಚಿಮತೀರ ಸಾಮಾನ್ಯವಾಗಿ ಶಾಂತ. ಬಾರ್ಬಡೋಸ್ ಒಂದರಲ್ಲೇ ಇದನ್ನು ಕಾಣಬಹುದು. ಪೂರ್ವದ ಬಾತ್‌ಶೀಬಾದಲ್ಲಿ ಅಟ್ಲಾಂಟಿಕ್ ಸಾಗರ ಬಂಡೆಗೆ ಅಪ್ಪಳಿಸುತ್ತಿದ್ದರೆ, ಪಶ್ಚಿಮದಲ್ಲಿ ನೀರು ಕೆರೆಯಂತಿರುತ್ತದೆ. ಟರ್ಕ್ಸ್ ಮತ್ತು ಕೈಕೋಸ್ ದ್ವೀಪಗಳು ಇರುವುದು ಅಟ್ಲಾಂಟಿಕ್ಕಿನಲ್ಲೇ. ಆದರೂ ಅಲ್ಲಿನ ಗ್ರೇಸ್ ಬೇ ತೀರಕ್ಕೆ ಹವಳದ ದಿಬ್ಬ ಕೋಟೆಯಂತೆ ಅಡ್ಡ ನಿಂತಿದೆ. ಆದುದರಿಂದ ಭೂಪಟವನ್ನು ಬಿಡಿಸಿ, ಬಿಡಾರ ಯಾವ ದಿಕ್ಕಿಗೆ ಮುಖಮಾಡಿದೆ, ಮುಂದೆ ಹವಳದ ದಿಬ್ಬವಿದೆಯೆ ಎಂದು ನೋಡಬೇಕು.

ತೀರ ಶಾಂತವಾದರೂ ಕಾವಲು ತಪ್ಪಬಾರದು. ಅನೇಕ ಕಡಲತಡಿಗಳಲ್ಲಿ ಜೀವರಕ್ಷಕರಿರುವುದಿಲ್ಲ. ಮುಳುಗುವ ಮಗು ಸಾಮಾನ್ಯವಾಗಿ ಕೂಗುವುದೂ ಇಲ್ಲ. ಸದ್ದಿಲ್ಲದೆ ಕ್ಷಣಾರ್ಧದಲ್ಲಿ ಮರೆಯಾಗುತ್ತದೆ. ನಾಲ್ಕು ಜನ ದೊಡ್ಡವರಿದ್ದಾಗ, ಇನ್ನೊಬ್ಬರು ನೋಡುತ್ತಿದ್ದಾರೆಂದು ನಾಲ್ವರೂ ಮೈಮರೆಯುವುದೇ ಹೆಚ್ಚಿನ ಅಪಾಯ. ಆದುದರಿಂದ ಸರದಿಯ ಮೇಲೆ ಒಬ್ಬರು, ಕೈಗೆಟುಕುವಷ್ಟು ಸಮೀಪದಲ್ಲಿ, ಬೇರೆ ಕೆಲಸವಿಲ್ಲದೆ ಮಗುವನ್ನೇ ನೋಡುತ್ತಿರಬೇಕು. ಮಕ್ಕಳ ಕೂಟ ಯಾವ ವಯಸ್ಸಿನವರಿಗೆ, ಎಷ್ಟು ಮಕ್ಕಳಿಗೆ ಒಬ್ಬ ಪಾಲಕಿ, ಈಜುಕೊಳಕ್ಕೆ ಬೇಲಿಯುಂಟೇ ಎಂಬ ಪ್ರಶ್ನೆಗಳನ್ನು ಹಣ ಕಟ್ಟುವ ಮುನ್ನವೇ ಕೇಳಬೇಕು. ದಡದಲ್ಲಿ ಮಂಚಿನೀಲ್ ಎಂಬ ವಿಷದ ಮರವೂ ಬೆಳೆಯುತ್ತದೆ. ಅದರ ಕಾಯಿ ಚಿಕ್ಕ ಸೇಬಿನಂತಿದ್ದು ಮಕ್ಕಳ ಕಣ್ಣಿಗೆ ಚೆನ್ನ. ಹಾಲು ತಗಲಿದರೆ ಚರ್ಮ ಬೊಬ್ಬೆಯೇಳುತ್ತದೆ. ಮಳೆ ಬಂದಿತೆಂದು ಅದರ ಕೆಳಗೆ ನಿಲ್ಲಲೂ ಕೂಡದು.

ಇನ್ನು ಕಾಲದ ವಿಚಾರ. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಋತು. ಆಗಸ್ಟ್ ನಡುವಿನಿಂದ ಅಕ್ಟೋಬರ್‌ವರೆಗೆ ಅದರ ಉಗ್ರಕಾಲ. 2025ರ ಅಕ್ಟೋಬರ್ 28ರಂದು ಮೆಲಿಸ್ಸಾ ಎಂಬ ಚಂಡಮಾರುತ ಜಮೈಕಾದ ಪಶ್ಚಿಮಭಾಗವನ್ನು ಜರ್ಝರಿತಗೊಳಿಸಿತು. ಅನೇಕ ಬಿಡಾರಗಳು ಬಾಗಿಲು ಮುಚ್ಚಿದುವು. ದಕ್ಷಿಣದ ಅರೂಬಾ, ಕುರಸಾವ್ ದ್ವೀಪಗಳು ಇಂಥ ಮಾರುತಗಳ ಮುಖ್ಯಮಾರ್ಗದಿಂದ ಹೊರಗಿವೆ. 2011ರಿಂದೀಚೆಗೆ ಸರ್ಗಾಸಮ್ ಎಂಬ ಕಂದುಬಣ್ಣದ ಕಡಲಪಾಚಿಯೂ ರಾಶಿರಾಶಿಯಾಗಿ ದಡಕ್ಕೆ ಬರತೊಡಗಿದೆ. ಕೊಳೆತರೆ ಕೆಟ್ಟ ಮೊಟ್ಟೆಯ ನಾತ. ವಸಂತ, ಬೇಸಗೆಗಳಲ್ಲಿ ಡೊಮಿನಿಕನ್ ಗಣರಾಜ್ಯದ ಪುಂಟಾ ಕಾನಾದಂಥ ಪೂರ್ವತೀರಗಳಿಗೆ ಅದರ ಕಾಟ ಹೆಚ್ಚು. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಹವೆ ಹಿತಕರ, ದರ ದುಬಾರಿ. ಅಗ್ಗದ ತಿಂಗಳು ಏಕೆ ಅಗ್ಗವೆಂದು ತಿಳಿದುಕೊಂಡೇ ಹೊರಡಬೇಕು.

ಸಸ್ಯಾಹಾರಿಗಳು ಅಂಜಬೇಕಾಗಿಲ್ಲ. 1845ರಿಂದ ಕರಾರಿನ ಕೂಲಿಗಳಾಗಿ ಟ್ರಿನಿಡಾಡ್, ಜಮೈಕಾಗಳಿಗೆ ಹೋದ ಭಾರತೀಯರು ರೊಟ್ಟಿಯನ್ನೂ ಮಸಾಲೆಯನ್ನೂ ಅಲ್ಲಿ ನೆಲೆಗೊಳಿಸಿದ್ದಾರೆ. ಜಮೈಕಾದಲ್ಲಿ ತೆಂಗಿನ ಹಾಲಿನಲ್ಲಿ ಬೇಯಿಸಿದ ಕಾಳಿನ ಅನ್ನವೂ ದೊರೆಯುತ್ತದೆ. ಮಾಂಸ ಸೇರಿದೆಯೆ ಎಂದು ಮಾತ್ರ ಕೇಳಿಕೊಳ್ಳಬೇಕು.

ಆದರೆ ಇಂಥ ಅನ್ನ ಹಲವೊಮ್ಮೆ ಗೋಡೆಯ ಹೊರಗಿನ ಸಣ್ಣ ಅಂಗಡಿಯಲ್ಲೇ ಹೆಚ್ಚು ರುಚಿಯಾಗಿರುತ್ತದೆ. ಎಲ್ಲವೂ ಒಳಗೇ ಸಿಕ್ಕಿದರೆ ಹೊರಗಿನ ಅಂಗಡಿಯವಳಿಗೆ, ಬಾಡಿಗೆ ಕಾರಿನವನಿಗೆ ದೊರೆಯುವುದೇನು? ಬಾರ್ಬಡೋಸಿನಲ್ಲಿ ಕಡಲತಡಿ ಸರ್ವರಿಗೂ ತೆರೆದಿದೆ. ಜಮೈಕಾದಲ್ಲಿ 1956ರ ಕಾಯಿದೆ ಜನಕ್ಕೆ ಆ ಹಕ್ಕನ್ನು ಕೊಟ್ಟಿಲ್ಲ. ಅದಕ್ಕಾಗಿ ಅಲ್ಲಿ ಹೋರಾಟ ನಡೆದಿದೆ. ವಾರದಲ್ಲಿ ಒಂದು ದಿನವಾದರೂ ಹೊರಬಂದು ಊರನ್ನು ಕಂಡು, ಅಲ್ಲಿನವರ ಕೈಯಡುಗೆ ಉಂಡು ಬರುವುದು ಅತಿಥಿಗೆ ಭೂಷಣ.

ಒಟ್ಟಿನಲ್ಲಿ, ಬಿಡಾರವನ್ನು ಚಿತ್ರದ ಚೆಲುವಿನಿಂದ ಅಳೆಯಬಾರದು. ಮನೆಯ ಅತಿ ಕಿರಿಯ ಕೂಸಿನ ಎತ್ತರದಿಂದಲೂ ಅತಿ ಹಿರಿಯರ ಮೊಣಕಾಲಿನಿಂದಲೂ ಅಳೆಯಬೇಕು. ಅಜ್ಜಿಗೆ ಹತ್ತಬೇಕಾದ ಮೆಟ್ಟಿಲೆಷ್ಟು, ಮೊಮ್ಮಗುವಿಗೆ ನೀರಿನ ಆಳವೆಷ್ಟು, ಇವೆರಡನ್ನು ಮೊದಲು ಕೇಳಿರಿ. ಅವರಿಬ್ಬರೂ ಸುಖವಾಗಿದ್ದರೆ ನಡುವಿನವರ ವಿಹಾರವೂ ಸುಖವೇ.