ಇಲ್ಲವೆನ್ನುವ ಆತಿಥ್ಯ

ದಾಸೋಹವೆಂದರೇನೆಂಬುದನ್ನು ಕಲಬುರಗಿಯವರಿಗೆ ಯಾರೂ ವಿವರಿಸಬೇಕಾಗಿಲ್ಲ. 1822ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರ ಹೆಸರಿನೊಡನೆಯೇ ಆ ಮಾತು ನಮ್ಮ ನಾಲಗೆಯ ಮೇಲೆ ನೆಲೆಸಿದೆ. ಕಮಲಾಪುರದ ನಮ್ಮ ಮನೆಯಲ್ಲಿಯೂ ಬಿಸಿಲಲ್ಲಿ ಬಂದವರಿಗೆ ಮೊದಲು ನೀರು ಕೊಟ್ಟು, ಆಮೇಲೆ ಹೆಸರು ಕೇಳುವ ರೂಢಿ. ಬಂದವರಿಗೆ ಇಲ್ಲವೆನ್ನದಿರುವುದೇ ಆತಿಥ್ಯವೆಂದು ಅರವತ್ತು ವರ್ಷ ನಂಬಿದ್ದೆ. ಆ ನಂಬಿಕೆಗೆ ಇನ್ನೊಂದು ಮಗ್ಗುಲಿದೆಯೆಂದು ತೋರಿಸಿಕೊಟ್ಟದ್ದು ಕರಾವಳಿಯ ಅಂಚಿನ ಮಳೆಕಾಡು.

ನಿವೃತ್ತನಾದ ಮರುವರ್ಷ ನಾನೂ ನನ್ನಾಕೆಯೂ ಹೆಬ್ರಿಯ ಸಮೀಪದ ವಿದ್ಯಾರ್ಥಿ ಶಿಬಿರವೊಂದಕ್ಕೆ ಸ್ವಯಂಸೇವಕರಾಗಿ ಹೋದೆವು. ಆಗುಂಬೆ ಘಾಟಿಯ ಕೆಳಗೆ, 1974ರಲ್ಲಿ ಅಭಯಾರಣ್ಯವಾದ ಸೋಮೇಶ್ವರದ ಕಾಡಿನ ಮಗ್ಗುಲು. ಒಂದು ತಿಂಗಳ ವಾಸ. ಸಂಬಳವಿಲ್ಲ, ಊಟ ವಸತಿಗಳುಂಟು. ತಂಡಗಳನ್ನು ಎದುರುಗೊಳ್ಳುವುದು, ಡೇರೆ ತೋರಿಸುವುದು, ಒದ್ದೆ ಬಟ್ಟೆಗೆ ಹಗ್ಗ ಕಟ್ಟುವುದು, ಕಾಲಿಗೆ ಹತ್ತಿದ ಇಂಬಳವನ್ನು ಉಪ್ಪು ಹಚ್ಚಿ ಬಿಡಿಸುವುದು, ರಾತ್ರಿ ತಲೆಯೆಣಿಸುವುದು—ಇಷ್ಟೇ ಕೆಲಸ.

ವರ್ಷಕ್ಕೆ 750 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ನಾಡಿನವರು ನಾವು. ಆಗುಂಬೆಯಲ್ಲಿ ಸುರಿಯುವುದು 7,000 ಮಿಲಿಮೀಟರಿಗೂ ಮಿಗಿಲು. ಅರಬ್ಬಿ ಸಮುದ್ರದ ತೇವಗಾಳಿ ಘಟ್ಟದ ಗೋಡೆಗೆ ತಾಗಿ, ಮೇಲೇರಿ, ತಣಿದು ಮಳೆಯಾಗುತ್ತದೆಂದು ಓದಿದ್ದೆ. ನನ್ನಾಕೆ ಕಟ್ಟಿ ತಂದ ಖಡಕ್ ರೊಟ್ಟಿ ಮೂರನೆಯ ದಿನಕ್ಕೆ ಬಟ್ಟೆಯಂತೆ ಮಡಚತೊಡಗಿದಾಗ ಅದರ ಅರ್ಥವಾಯಿತು. ನಮ್ಮೂರ ಕೆಂಪು ಬಾಳೆಹಣ್ಣೊಂದೇ ಅಲ್ಲಿ ನಮ್ಮ ಮಾನ ಉಳಿಸಿತು.

ಸೆಪ್ಟೆಂಬರ್ ಕೊನೆಯ ಒಂದು ಮಧ್ಯಾಹ್ನ. ಅಪರೂಪಕ್ಕೆ ಬಿಸಿಲು ಬಿದ್ದಿತ್ತು. ಹನ್ನೆರಡು ಮಂದಿ ಹುಡುಗರು ಹೊಳೆಗಿಳಿಯಲು ಅನುಮತಿ ಕೇಳಿದರು. ನೀರು ಮೊಣಕಾಲಿನಷ್ಟು, ತಿಳಿಯಾಗಿತ್ತು. ಮಕ್ಕಳ ಮುಖ ಬಾಡಿಸಲಾರದೆ “ಹೋಗಿ ಬರ್ರಿ” ಎಂದುಬಿಟ್ಟೆ. ತುಸು ಹೊತ್ತಿನಲ್ಲಿ ಅಡುಗೆಯ ಹಿರಿಯರು ಕೈಯಲ್ಲಿದ್ದ ಪಾತ್ರೆ ಬಿಟ್ಟು ಓಡಿಬಂದರು. “ಮಾಸ್ಟ್ರೇ, ನೀರಿನ ಬಣ್ಣ ಕಾಣಿ. ಘಟ್ಟದ ಮೇಲೆ ಮಳೆ ಬಿದ್ದಾಯ್ತು.” ನೋಡಿದರೆ ತಿಳಿನೀರಿನಲ್ಲಿ ಕೆಮ್ಮಣ್ಣಿನ ಎಳೆ, ತೇಲಿಬರುತ್ತಿದ್ದ ಎಲೆಕಡ್ಡಿ. ಕೂಗಿ ಕರೆದು ಎಲ್ಲರನ್ನೂ ದಡ ಹತ್ತಿಸಿದೆವು. ಅರ್ಧ ಗಂಟೆ ಕಳೆದಿರಲಿಲ್ಲ; ಹುಡುಗರು ಕುಳಿತಿದ್ದ ಬಂಡೆ ನೀರಿನೊಳಗೆ ಮುಳುಗಿತ್ತು.

ಆ ಹಿರಿಯರು ನನ್ನನ್ನು ಒಂದು ಮಾತೂ ಆಡಲಿಲ್ಲ. ಆ ರಾತ್ರಿ ನಾನು ಹನ್ನೆರಡು ತಲೆಗಳನ್ನು ಮೂರು ಸಲ ಎಣಿಸಿದೆ.

ಕಾಡಿನಲ್ಲಿ ನಾವು ಯಜಮಾನರಲ್ಲ. ಹೆಣ್ಣು ಕಾಳಿಂಗ ತರಗೆಲೆ ಒಟ್ಟಿ ಗೂಡು ಮಾಡಿ ಮೊಟ್ಟೆಯಿಡುವ ನೆಲ ಅದು. ಸಿಂಗಳೀಕ ಕೊಂಬೆಯಿಂದ ಕೊಂಬೆಗೆ ದಾಟುವ ಮನೆ ಅದು. ಅಲ್ಲಿ ಮೊದಲು ಬಂದ ಅತಿಥಿ, ತಡವಾಗಿ ಬಂದ ಅತಿಥಿಗೆ ಮನೆಯ ರೀತಿಯನ್ನು ತಿಳಿಸಿಕೊಡಬೇಕು. ಕೊಡುವುದು ಆತಿಥ್ಯವಾದರೆ, ತಡೆಯುವುದೂ ಆತಿಥ್ಯವೇ.

ಕೇಳುಗ ಮಿತ್ರರೇ, 2011ರಲ್ಲಿ ವನ್ಯಜೀವಿಧಾಮವಾದ ಚಿಂಚೋಳಿಯ ಕಾಡು ನಮ್ಮ ಕಮಲಾಪುರಕ್ಕೆ ದೂರದ್ದಲ್ಲ. ಚಂದ್ರಂಪಳ್ಳಿ ಜಲಾಶಯದ ಕಡೆಗೆ ಬುತ್ತಿ ಕಟ್ಟಿಕೊಂಡು ಹೋಗುವವರು ನಾವೇ. ಮಳೆಕಾಡಿನಲ್ಲಿ ನೀರಿನ ಭಯವಾದರೆ ಈ ಒಣಕಾಡಿನಲ್ಲಿ ಬೆಂಕಿಯ ಭಯ. ಬೇಸಿಗೆಯ ಹುಲ್ಲಿಗೆ ಬೀಡಿಯ ಒಂದು ಕಿಡಿ ಸಾಕು. ಬಂದವರಿಗೆ ತಣ್ಣೀರು ಕೊಟ್ಟು, ಅವರ ಬೆಂಕಿಪೊಟ್ಟಣವನ್ನು ಕೇಳಿ ಇರಿಸಿಕೊಳ್ಳುವ ನಾಲ್ಕು ಮಂದಿ ಇಲ್ಲಿಯೂ ಬೇಕು. ಬರುವ ಬೇಸಿಗೆಗೆ ನಾವಿಬ್ಬರು ಸಿದ್ಧರಿದ್ದೇವೆ. ನೀರು ಕೊಡುವುದು ಹುಟ್ಟಿನಿಂದ ಬಂದದ್ದು; ಇಲ್ಲವೆನ್ನುವುದನ್ನು ಈಗ ಕಲಿತಿದ್ದೇನೆ.