ಒಂದು ಚಪ್ಪಾಳೆಯ ಲೆಕ್ಕ

ಹೆಡ್‌ಫೋನ್ ಹಾಕ್ಕೊಂಡು ಕೇಳ್ತಿದ್ರೆ ಒಳ್ಳೇದು. ಶುರುವಿನಲ್ಲಿ ಕೇಳಿಸಿದ ಆ ಗಲಾಟೆ ಯಾವ ಮಷಿನ್‌ದೂ ಅಲ್ಲ, ಕೊಕ್ಕರೆ ಮರಿಗಳದ್ದು. ದೊಡ್ಡ ಬಣ್ಣದ ಕೊಕ್ಕರೆಗಳಿಗೆ ಹೇಳಿಕೊಳ್ಳುವಂಥ ದನಿ ಇಲ್ಲ, ಕೊಕ್ಕನ್ನ ಪಟಪಟ ಬಡಿತಾವೆ ಅಷ್ಟೇ. ಕೂಗಾಡೋದೆಲ್ಲ ಮರಿಗಳು, ಅದೂ ಊಟಕ್ಕೆ.

ರೆಕಾರ್ಡ್ ಮಾಡಿದ್ದು ಅಂಕಸಮುದ್ರ ಕೆರೆ ಹತ್ರ, ಹಗರಿಬೊಮ್ಮನಹಳ್ಳಿ ತಾಲ್ಲೂಕು. ನಂದು ನೀಲಗುಂದ. ಊರಿಗೆ ಬಂದವ್ರೆಲ್ಲ ಭೀಮೇಶ್ವರ ದೇವಸ್ಥಾನದ ಕೆತ್ತನೆ ನೋಡಿ ಹೋಗ್ತಾರೆ, ಹಕ್ಕಿ ನೋಡೋಕೆ ಅಂತ ಯಾರೂ ಬರಲ್ಲ. ಅಂದಹಾಗೆ ನಮ್ಮ ಹರಪನಹಳ್ಳಿ ತಾಲ್ಲೂಕು ಬಳ್ಳಾರಿ ಜಿಲ್ಲೇಲಿತ್ತು, 1997ರಲ್ಲಿ ದಾವಣಗೆರೆಗೆ ಹೋಯ್ತು, 2018ರಲ್ಲಿ ವಾಪಸ್ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆ ಸೇರ್ತು. ಎದ್ದು ಓಡಾಡದೇನೇ ಇಷ್ಟು ವಲಸೆ ಹೋದ ಜನ ನಾವು.

ಕಳೆದ ಭಾನುವಾರ ಕತ್ತಲಿರುವಾಗಲೇ ಬೈಕ್ ಹತ್ತಿ ಹರಪನಹಳ್ಳಿ, ಕೊಟ್ಟೂರು ದಾಟಿ ಹೋದೆ. ಅಂಕಸಮುದ್ರದಲ್ಲಿ ನಾವು ಒಂಬತ್ತು ಜನ ಸೇರಿದ್ವಿ. ಅರ್ಧಕ್ಕರ್ಧ ಹೊಸಪೇಟೆಯವ್ರು. ಜಿಲ್ಲಾ ಕೇಂದ್ರ ಆದ್ಮೇಲೆ ಅಲ್ಲಿ ಬೆಳಿಗ್ಗೆ ಎದ್ದು ಕಿಟಕಿ ತೆಗೆದ್ರೆ ಕಾಣೋದು ಲೇಔಟ್ ಕಲ್ಲು ಮಾತ್ರ ಅಂತ ಒಬ್ರು ಹೇಳಿದ್ರು. ನಮ್ಮನ್ನ ಕರ್ಕೊಂಡು ಹೋದ ಅಣ್ಣ ಅದೇ ಕಡೆಯವ್ರು. ಮೊದ್ಲೇ ಮೂರು ಮಾತು ಹೇಳಿಬಿಟ್ರು. "ಡ್ರೋನ್ ಹಾರಿಸೂದಿಲ್ರಿ. ಮೊಬೈಲ್‌ನಾಗ ಹಕ್ಕಿ ಕೂಗು ಹಚ್ಚೂದಿಲ್ರಿ. ಏರಿ ಬಿಟ್ಟು ಕೆಳಗ ಇಳಿಯೂದಿಲ್ರಿ."

ಸೂರ್ಯ ಹುಟ್ಟಿದ್ಮೇಲೆ ಕಂಡದ್ದನ್ನ ಹೆಂಗೆ ಹೇಳ್ಲಿ. ಕೆರೆಯೊಳಗೆ ಜಾಲಿ ಮರಗಳು, ಮರ ತುಂಬ ಬಿಳಿ ಬಿಳಿ. ಬಣ್ಣದ ಕೊಕ್ಕರೆ, ಕರಿ ತಲೆಯ ಕೆಂಬರಲು, ರೆಕ್ಕೆ ಒಣಗಿಸ್ತಾ ಕೂತ ನೀರುಕಾಗೆ. ನಾನು ಕಾಮರ್ಸ್ ಓದಿದವನು, ಲೆಕ್ಕ ಇಲ್ಲದೆ ನನಗೇನೂ ತಲೆಗೆ ಹೋಗಲ್ಲ. ಈ ಜಾಗ 98.76 ಹೆಕ್ಟೇರ್, ಅಂದ್ರೆ ಸುಮಾರು 244 ಎಕರೆ. ಇಲ್ಲಿ ಗೂಡು ಕಟ್ಟೋ, ರಾತ್ರಿ ತಂಗೋ ನೀರಹಕ್ಕಿಗಳು 30,000ಕ್ಕೂ ಹೆಚ್ಚು. ಭಾಗಿಸಿ ನೋಡಿ, ಎಕರೆಗೆ ನೂರಿಪ್ಪತ್ತರ ಮೇಲೆ ಬರ್ತದೆ. ಒಂದು ಜಾಗದಲ್ಲಿ 20,000 ನೀರಹಕ್ಕಿ ಇದ್ರೆ ಅದನ್ನ ರಾಮ್ಸರ್ ಪಟ್ಟಿಗೆ ಪರಿಗಣಿಸಬಹುದು ಅನ್ನೋದು ಅಂತರರಾಷ್ಟ್ರೀಯ ಅಳತೆಗಳಲ್ಲಿ ಒಂದು. ರಾಮ್ಸರ್ ಅಂದ್ರೆ ಇರಾನಿನ ಊರು, 1971ರಲ್ಲಿ ಜೌಗುಪ್ರದೇಶ ಉಳಿಸೋ ಒಪ್ಪಂದ ಆಗಿದ್ದು ಅಲ್ಲಿ. ಅಂಕಸಮುದ್ರ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಆಯ್ತು, 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಗೆ ಸೇರ್ತು. ಜೊತೆಗೆ ಗದಗ ಜಿಲ್ಲೆಯ ಮಾಗಡಿ ಕೆರೆ, ಕುಮಟಾ ಕಡೆಯ ಅಘನಾಶಿನಿ ಅಳಿವೆ.

ಸಂರಕ್ಷಣಾ ಮೀಸಲು ಅಂದ್ರೆ ಬೇಲಿ ಹಾಕಿ ಊರವ್ರನ್ನ ಹೊರಗೆ ದಬ್ಬೋದಲ್ಲ. ಸರ್ಕಾರಿ ಜಾಗ ಹೌದು, ಆದ್ರೆ ಸುತ್ತಲಿನ ಜನರ ಹಕ್ಕು ಕಿತ್ಕೊಳ್ಳೋ ಹಾಗಿಲ್ಲ, ಸಲಹಾ ಸಮಿತಿಯಲ್ಲಿ ಗ್ರಾಮ ಪಂಚಾಯ್ತಿಯವ್ರೂ ಇರಬೇಕು. ಹಾಗಾಗಿ ಇದು ಹಕ್ಕಿಯ ಕೆರೆನೂ ಹೌದು, ಊರ ಕೆರೆನೂ ಹೌದು.

ಮರದ ಬುಡದಲ್ಲಿ ನೀರಿದ್ರೆ ನಾಯಿ, ಬೆಕ್ಕು ಗೂಡಿನ ಹತ್ರ ಬರಲ್ಲ. ಆದ್ರೆ ವರ್ಷವಿಡೀ ನೀರು ನಿಂತ್ರೆ ಮರ ಒಣಗ್ತದೆ, ಮೇಲಿಂದ ಹಿಕ್ಕೆ ಬೇರೆ. ಅಣ್ಣ ಒಂದಷ್ಟು ಬೋಳು ಜಾಲಿ ತೋರಿಸಿ, "ಈ ಮರಾ ಹೋದ್ರ ಹಕ್ಕಿ ಎಲ್ಲಿ ಕುಂದರಬೇಕ್ರಿ?" ಅಂದ್ರು. ಯಾರ ಹತ್ರಾನೂ ಉತ್ತರ ಇರ್ಲಿಲ್ಲ.

ಹತ್ತು ಗಂಟೆ ಆಗ್ತಿದ್ದಂಗೆ ಬಿಸಿಲು ಚುರುಗುಟ್ಟಿತು. ಅಣ್ಣ ಬೈನಾಕ್ಯುಲರ್ ನನ್ನ ಕೈಗೆ ಕೊಟ್ಟು, "ನೋಡ್ರಿ ತಮ್ಮ, ಛತ್ರಿ" ಅಂದ್ರು. ಒಂದು ಕೊಕ್ಕರೆ ಗೂಡಿನ ಮೇಲೆ ನಿಂತು ರೆಕ್ಕೆ ಅಗಲಿಸಿತ್ತು, ಹಾರೋಕಲ್ಲ. ಅದರ ನೆರಳಲ್ಲಿ ಮೂರು ಮರಿ. ಬಿಸಿಲು ತಿರುಗಿದಂಗೆ ಅದೂ ಸ್ವಲ್ಪ ಸ್ವಲ್ಪ ತಿರುಗ್ತಿತ್ತು. ಮರಿ ಗೂಡು ಬಿಡೋಕೆ ಎರಡು ತಿಂಗಳು ಬೇಕು. ಅಷ್ಟು ದಿನ ಇದೇ ಡ್ಯೂಟಿ.

"ಒಬ್ರು ಚಪ್ಪಾಳೆ ಹೊಡದ್ರ ಸಾಕ್ರಿ, ಎಲ್ಲಾ ಒಮ್ಮೆಲೇ ಏಳ್ತಾವು. ಮರಿ ಬಿಸಲಾಗ ಬೀಳ್ತಾವು. ಕಾಗಿ ಅದನ್ನ ಕಾಯ್ಕೊಂತನ ಕುಂತಿರ್ತಾವು."

ನಾನು ಬೈನಾಕ್ಯುಲರ್ ಕೆಳಗೆ ಇಳಿಸಲಿಲ್ಲ. ಇಳಿಸಿದ್ರೆ ಅವ್ರ ಮುಖ ನೋಡಬೇಕಾಗ್ತಿತ್ತು.

ಯಾಕಂದ್ರೆ ಈ ಕೆರೆಗೆ ನಾನು ಮೊದಲ ಸಲ ಬಂದಿದ್ದಲ್ಲ. ಎರಡು ವರ್ಷದ ಹಿಂದೆ ಇಂಥದ್ದೇ ಚಳಿಗಾಲ, ನಾವು ಮೂವರು ಫ್ರೆಂಡ್ಸ್, ಹೊತ್ತು ಏರಿತ್ತು. ಹಕ್ಕಿ ಸುಮ್ನೆ ಕೂತಿದ್ರೆ ರೀಲ್ ಆಗಲ್ಲ ಅಂತ ಒಬ್ಬ ಫೋನ್ ಹಿಡಿದ. ಚಪ್ಪಾಳೆ ಹೊಡೆದವನು ನಾನು. ಇಡೀ ಕೆರೆ ಆಕಾಶಕ್ಕೆ ಎದ್ದಂಗಾಯ್ತು. ಹದಿಮೂರು ಸೆಕೆಂಡ್, ಹಿಂದೆ ಒಂದು ಹಾಡು. ನಮ್ಮ ಯಾವ ವಿಡಿಯೋಗೂ ಅಷ್ಟು ವ್ಯೂಸ್ ಬಂದಿರಲಿಲ್ಲ. ಕೆಳಗೆ ಗೂಡಲ್ಲಿ ಏನಿತ್ತು ಅಂತ ಬಗ್ಗಿ ನೋಡಬೇಕು ಅನ್ನೋದೂ ಹೊಳೆದಿರಲಿಲ್ಲ.

ವಾಪಸ್ ಹೋಗುವಾಗ ಅಣ್ಣನಿಗೆ ಹೇಳಿದೆ. ಬೈತಾರೆ ಅನ್ಕೊಂಡಿದ್ದೆ. "ಈಗ ಗೊತ್ತಾತಲ್ರಿ" ಅಂದ್ರು, ಅಷ್ಟೇ. ಸ್ವಲ್ಪ ದೂರ ಹೋದ್ಮೇಲೆ, "ಆ ವಿಡಿಯೋ ಇನ್ನೂ ಐತೇನು?" ಅಂತ ಕೇಳಿದ್ರು.

ಅಲ್ಲೇ ನಿಂತು ಡಿಲೀಟ್ ಮಾಡಿದೆ. ಆದ್ರೆ ಮೊನ್ನೆ ಬುಧವಾರ, ಈ ಎಪಿಸೋಡ್ ಬರೀತಾ ಕೂತಿದ್ದಾಗ, ನಮ್ಮ ಊರ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೋ ಬಂತು. ಹಾಡು ಬೇರೆ ಹಾಕಿದ್ರು, ಮೇಲೆ ಯಾರದೋ ಪೇಜಿನ ಹೆಸರು. ಕೆಳಗೆ ನಮ್ಮ ಪಕ್ಕದ ಮನೆ ಹುಡುಗನ ಮೆಸೇಜು: ಸೂಪರ್ ಅಣ್ಣ, ಈ ಭಾನುವಾರ ಹೋಗೋಣ?

ಅವನಿಗೆ ಫೋನ್ ಮಾಡಿದೆ. ಬೆಳಿಗ್ಗೆ ಐದಕ್ಕೆ ಹೊರಡ್ತೀವಿ.